ಥರ್ಡ್ ಮತ್ತು ಸಿಕ್ಸ್ತ್ ಕಲಿಸಿದ ಗುರು: ಫೆರ್ನಾಂಡೊ ಸೋರ್

ಗಿಟಾರಿನಲ್ಲಿ ಹಾರ್ಮನಿ ಕಲಿಯುವವರು ಯಾವ ಸ್ವರಾಂತರಗಳನ್ನು ಮೊದಲು ಕೈವಶ ಮಾಡಿಕೊಳ್ಳಬೇಕು? ಈ ಪ್ರಶ್ನೆಗೆ 1830ರಲ್ಲೇ ಖಚಿತವಾದ ಉತ್ತರ ಕೊಟ್ಟವರು ಸ್ಪೇನ್ ದೇಶದ ಸಂಗೀತಗಾರ ಫೆರ್ನಾಂಡೊ ಸೋರ್. ಥರ್ಡ್ ಮತ್ತು ಸಿಕ್ಸ್ತ್, ಅಂದರೆ ಮೂರನೆಯ ಮತ್ತು ಆರನೆಯ ಸ್ವರಾಂತರಗಳು, ಇವೆರಡೇ ಈ ವಾದ್ಯದ ಬೀಗದ ಕೈ ಎಂಬುದು ಅವರ ಅಭಿಪ್ರಾಯವಾಗಿತ್ತು. ನಮ್ಮ ಚರ್ಚ್‌ಗಳ ಗಾಯನ ಮಂಡಳಿಗಳಲ್ಲಿ ಗಿಟಾರ್ ಹಿಡಿಯುವ ಯುವಕ ಯುವತಿಯರಿಗೆ ಕೊರತೆಯಿಲ್ಲ. ನಾಲ್ಕೈದು ಕಾರ್ಡ್‌ಗಳ ಬೆರಳಿನ ಆಕಾರ ಕಲಿತು ಪೂಜೆಯ ಗೀತೆಗಳಿಗೆ ಜತೆ ನೀಡುವವರು ಅನೇಕರಿದ್ದಾರೆ. ಆದರೆ ಬೆರಳಿನಡಿ ಇರುವ ಸ್ವರ ಯಾವುದು ಎಂದು ಕೇಳಿದರೆ ಉತ್ತರಿಸುವವರು ವಿರಳ. ಅಂಥವರಿಗಾಗಿ ನಾವು ಇಲ್ಲಿ ಸೋರ್ ಅವರ ಜೀವನವನ್ನು ಪರಿಚಯಿಸುತ್ತಿದ್ದೇವೆ.

ಸೋರ್ ಅವರು ಬಾರ್ಸಿಲೋನಾ ನಗರದಲ್ಲಿ ಹುಟ್ಟಿದವರು. 1778ರ ಫೆಬ್ರವರಿ 14ರಂದು ಅವರಿಗೆ ಜ್ಞಾನಸ್ನಾನವಾಯಿತು. ತಂದೆಗೆ ಸಂಗೀತದ ಒಲವಿತ್ತು, ಮನೆಯಲ್ಲಿ ಗಿಟಾರ್ ಇತ್ತು. ತಂದೆ ತೀರಿಕೊಂಡ ಮೇಲೆ ಬಾಲಕನ ಕಲಿಕೆಗೆ ಅಡ್ಡಿಯಾಗಬೇಕಿತ್ತು. ಆಗ ಕೈ ಹಿಡಿದವರು ಮೊಂಟ್ಸೆರಾಟ್ ಬೆಟ್ಟದ ಬೆನೆಡಿಕ್ಟಿನ್ ಮಠದ ಮಠಾಧಿಪತಿಗಳು. ಕಪ್ಪು ವರ್ಣದ ಮರಿಯಮ್ಮನವರ ಪ್ರತಿಮೆಗೆ ಹೆಸರಾದ ಆ ಪುಣ್ಯಕ್ಷೇತ್ರದಲ್ಲಿ ಬಾಲಕರ ಗಾಯನ ಶಾಲೆಯೊಂದಿದೆ. ಯೂರೋಪಿನ ಅತ್ಯಂತ ಹಳೆಯ ಗಾಯನ ಶಾಲೆಗಳಲ್ಲಿ ಅದೂ ಒಂದು. ಅಲ್ಲಿ ಫಾದರ್ ಆನ್ಸೆಲ್ಮ್ ವಿಯೋಲಾ ಅವರ ಕೈಕೆಳಗೆ ಸೋರ್ ಅವರಿಗೆ ಸಂಗೀತ ರಚನೆಯ ಪಾಠವಾಯಿತು. ಬೇರೆ ಬೇರೆ ಧ್ವನಿಗಳು ಒಟ್ಟಿಗೆ ನಡೆಯುವಾಗ ಪ್ರತಿಯೊಂದು ಧ್ವನಿಯೂ ತನ್ನದೇ ದಾರಿಯಲ್ಲಿ ಸಾಗಬೇಕು ಎಂಬ ಶಿಸ್ತು ಅವರಿಗೆ ಮೊದಲು ಬಂದದ್ದು ಗಿಟಾರಿನಿಂದಲ್ಲ, ದೇವಾಲಯದ ಗಾಯನದಿಂದ ಎಂದು ನಾವು ಭಾವಿಸುತ್ತೇವೆ. ಮುಪ್ಪಿನಲ್ಲೂ ಅವರು ಆ ದಿನಗಳನ್ನು ಪ್ರೀತಿಯಿಂದ ನೆನೆದು ಬರೆದಿದ್ದಾರೆ.

1797ರಲ್ಲಿ, ಇನ್ನೂ ಹತ್ತೊಂಬತ್ತರ ಪ್ರಾಯದಲ್ಲಿ, ಅವರ ಒಪೆರಾ ಬಾರ್ಸಿಲೋನಾದಲ್ಲಿ ರಂಗವೇರಿತು. ಅದೇ ಕಾಲಕ್ಕೆ ಫೆಡೆರಿಕೊ ಮೊರೆಟ್ಟಿ ಎಂಬವರು ಗಿಟಾರಿಗೆ ಬರೆದ ಪಕ್ಕವಾದ್ಯದ ರಚನೆಯನ್ನು ಕೇಳಿದಾಗ ಅವರಿಗೆ ಹೊಸ ಬೆಳಕು ಕಂಡಿತು. ಅದರಲ್ಲಿ ಕೆಳಸ್ವರ ಬೇರೆಯಾಗಿ, ಮೇಲಿನ ಸ್ವರಗಳು ಬೇರೆಯಾಗಿ ಕೇಳುತ್ತಿದ್ದವು. ಅಲ್ಲಿಯವರೆಗೆ ಹೆಚ್ಚಿನವರಿಗೆ ಗಿಟಾರ್ ಎಂದರೆ ಹಾಡಿನ ಜತೆ ಮೀಟುವ ಸಾಧನ ಮಾತ್ರ.

1808ರಲ್ಲಿ ನೆಪೋಲಿಯನ್‌ನ ಸೇನೆ ಸ್ಪೇನಿಗೆ ನುಗ್ಗಿದಾಗ ಸೋರ್ ಮೊದಲು ದೇಶಭಕ್ತಿಯ ಹಾಡುಗಳನ್ನು ರಚಿಸಿದರು. ಆಮೇಲೆ ಅದೇ ಫ್ರೆಂಚ್ ಆಡಳಿತದಲ್ಲಿ ಹುದ್ದೆ ಒಪ್ಪಿಕೊಂಡರು. ಅಂದಿನ ಅನೇಕ ವಿದ್ಯಾವಂತರು ಹೀಗೆಯೇ ಮಾಡಿದ್ದರು. ಆದರೂ ಅದರ ಬೆಲೆ ದೊಡ್ಡದಾಗಿತ್ತು. 1813ರಲ್ಲಿ ಫ್ರೆಂಚರು ಹಿಂದೆ ಸರಿದಾಗ ಅವರೂ ದೇಶ ಬಿಟ್ಟರು. ಮತ್ತೆಂದೂ ಹುಟ್ಟೂರನ್ನು ಕಾಣಲಿಲ್ಲ. ಪ್ಯಾರಿಸ್, 1815ರಿಂದ ಲಂಡನ್, 1823ರಲ್ಲಿ ಮಾಸ್ಕೋ ಎಂದು ಸಾಗಿತು ಅವರ ಅಲೆದಾಟ. ಬ್ಯಾಲೆ ನೃತ್ಯಗಳಿಗೆ ಅವರು ಬರೆದ ಸಂಗೀತ ಆ ಕಾಲದಲ್ಲಿ ಗಿಟಾರ್ ಕೃತಿಗಳಷ್ಟೇ ಹೆಸರಾಗಿತ್ತು. 1825ರಲ್ಲಿ ಮಾಸ್ಕೋದ ಬೊಲ್ಶೋಯ್ ರಂಗಮಂದಿರದ ಉದ್ಘಾಟನೆಯ ಸಂದರ್ಭದಲ್ಲಿ ಪ್ರದರ್ಶನಗೊಂಡದ್ದು ಅವರ 'ಸಿಂಡರೆಲ್ಲಾ' ಬ್ಯಾಲೆ.

ಪ್ಯಾರಿಸಿಗೆ ಮರಳಿದ ನಂತರ 1830ರಲ್ಲಿ ಅವರ ಗಿಟಾರ್ ಬೋಧನಾ ಗ್ರಂಥ ಪ್ರಕಟವಾಯಿತು. ಅಭ್ಯಾಸದ ಪಾಠಗಳಿಗಿಂತ ವಿವರಣೆಯೇ ಹೆಚ್ಚಾಗಿರುವ ವಿಚಿತ್ರ ಪುಸ್ತಕವದು. ಹೀಗೆ ಮಾಡಿ ಎಂದು ಆಜ್ಞಾಪಿಸುವ ಬದಲು ಏಕೆ ಹಾಗೆ ಎಂದು ಅವರು ತರ್ಕಿಸುತ್ತಾರೆ. ಹೈಡನ್ ಅವರ 'ಕ್ರಿಯೇಶನ್' ಕೃತಿಯ ವಾದ್ಯವೃಂದದ ಭಾಗವನ್ನು ಗಿಟಾರಿಗೆ ಇಳಿಸುವ ಬಗೆಯನ್ನೂ ಬಿಡಿಸಿ ತೋರಿಸಿದ್ದಾರೆ.

ಥರ್ಡ್ ಮತ್ತು ಸಿಕ್ಸ್ತ್‌ಗೆ ಅವರು ಅಷ್ಟು ಮಹತ್ವ ಕೊಟ್ಟದ್ದೇಕೆ? ಡೋ, ಮಿ, ಸೋಲ್ ಸೇರಿದ ಕಾರ್ಡನ್ನೇ ನೋಡೋಣ. ಡೋ ಮತ್ತು ಸೋಲ್ ನಡುವಿನ ಫಿಫ್ತ್ ಅದಕ್ಕೆ ಆಧಾರ ಕೊಡುತ್ತದೆ, ಆದರೆ ಅದಷ್ಟೇ ಇದ್ದರೆ ನಾದ ಬರಿದು. ಕಾರ್ಡ್ ಮೇಜರೋ ಮೈನರೋ ಎಂದು ತೀರ್ಮಾನಿಸುವುದು ನಡುವಿನ ಥರ್ಡ್. ಅದೇ ಥರ್ಡನ್ನು ತಲೆಕೆಳಗು ಮಾಡಿ, ಕೆಳಗಿನ ಡೋವನ್ನು ಮೇಲಿನ ಸಪ್ತಕಕ್ಕೆ ಒಯ್ದರೆ, ಮಿ ಮತ್ತು ಡೋ ನಡುವೆ ಸಿಕ್ಸ್ತ್ ಉಂಟಾಗುತ್ತದೆ. ಮೇಜರ್ ಥರ್ಡ್‌ಗೆ ನಾಲ್ಕು ಅರ್ಧಸ್ವರಗಳು, ಅದನ್ನು ತಿರುಗಿಸಿದ ಮೈನರ್ ಸಿಕ್ಸ್ತ್‌ಗೆ ಎಂಟು. ಕೂಡಿಸಿದರೆ ಸಪ್ತಕದ ಹನ್ನೆರಡು. ಆದ್ದರಿಂದ ಒಂದನ್ನು ಬಲ್ಲವರಿಗೆ ಇನ್ನೊಂದು ಹೊರಗಿನದಲ್ಲ.

ವಾದ್ಯವೂ ಇದಕ್ಕೆ ಅನುಕೂಲವಾಗಿಯೇ ಇದೆ. ಗಿಟಾರಿನ ಮೂರನೆಯ ಮತ್ತು ಒಂದನೆಯ ತಂತಿಗಳನ್ನು ಒಂದೇ ಫ್ರೆಟ್‌ನಲ್ಲಿ ಒತ್ತಿದರೆ ಮೇಜರ್ ಸಿಕ್ಸ್ತ್. ಒಂದನೆಯ ತಂತಿಯ ಬೆರಳನ್ನು ಒಂದು ಫ್ರೆಟ್ ಹಿಂದಕ್ಕೆ ಸರಿಸಿದರೆ ಮೈನರ್ ಸಿಕ್ಸ್ತ್. ನಾಲ್ಕು ಮತ್ತು ಎರಡನೆಯ ತಂತಿಗಳಲ್ಲೂ ಇದೇ ಲೆಕ್ಕ. ಮೂರು ಮತ್ತು ಎರಡನೆಯ ತಂತಿಗಳನ್ನು ಒಂದೇ ಫ್ರೆಟ್‌ನಲ್ಲಿ ಒತ್ತಿದರೆ ಮೇಜರ್ ಥರ್ಡ್, ಎರಡನೆಯದನ್ನು ಒಂದು ಫ್ರೆಟ್ ಹಿಂದೆ ತಂದರೆ ಮೈನರ್. ಉಳಿದ ಅಕ್ಕಪಕ್ಕದ ತಂತಿಗಳ ನಡುವೆ ಫೋರ್ತ್ ಅಂತರವಿರುವುದರಿಂದ ಅಲ್ಲಿ ಮೇಜರ್ ಥರ್ಡ್‌ಗೆ ತೆಳು ತಂತಿಯ ಬೆರಳು ಒಂದು ಫ್ರೆಟ್ ಹಿಂದೆ, ಮೈನರ್‌ಗೆ ಎರಡು ಫ್ರೆಟ್ ಹಿಂದೆ. ಡೋ ಮೇಜರ್ ಸ್ಕೇಲನ್ನು ಥರ್ಡ್‌ಗಳಲ್ಲಿ ನುಡಿಸಿದರೆ ಡೋ, ಫಾ, ಸೋಲ್ ಮೇಲೆ ಮಾತ್ರ ಮೇಜರ್ ಬರುತ್ತದೆ, ಮಿಕ್ಕ ನಾಲ್ಕರ ಮೇಲೆ ಮೈನರ್. ಹೀಗೆ ಪ್ರತಿ ಸ್ಕೇಲನ್ನೂ ಜೋಡಿಯಾಗಿ ಅಭ್ಯಾಸ ಮಾಡಿದವರಿಗೆ ಎಡಗೈಯ ಬೆರಳು ಎಲ್ಲಿಗೆ ಹೋಗಬೇಕೆಂದು ಬೇರೆಯಾಗಿ ಬಾಯಿಪಾಠ ಮಾಡುವ ಅಗತ್ಯ ಬೀಳದು ಎಂಬುದೇ ಸೋರ್ ಅವರ ವಾದದ ಸಾರ. ಅವರ ಓಪಸ್ 6ರ ಆರನೆಯ ಅಭ್ಯಾಸ ಥರ್ಡ್‌ಗಳಿಗೆಂದೇ ಮೀಸಲು. 1945ರಲ್ಲಿ ಆಂದ್ರೆಸ್ ಸೆಗೋವಿಯಾ ಆರಿಸಿದ ಇಪ್ಪತ್ತು ಅಭ್ಯಾಸಗಳಲ್ಲೂ ಅದಕ್ಕೆ ಸ್ಥಾನ ಸಿಕ್ಕಿದೆ.

ಗೀತೆಗೆ ಎರಡನೆಯ ಧ್ವನಿ ಹಾಡಿದವರಿಗೆ ಇದು ಹೊಸತಲ್ಲ. ಗೋವಾದ ಮಾಂಡೊ ಹಾಡುಗಳಲ್ಲಿ ಎರಡು ಧ್ವನಿಗಳು ಬಹುತೇಕ ಥರ್ಡ್ ಮತ್ತು ಸಿಕ್ಸ್ತ್ ಅಂತರದಲ್ಲೇ ಜತೆಯಾಗಿ ನಡೆಯುತ್ತವೆ. ಕಿವಿಗೆ ಪರಿಚಯವಿರುವುದನ್ನು ಬೆರಳಿಗೆ ತರುವುದಷ್ಟೇ ಉಳಿದಿರುವ ಕೆಲಸ.

ಪ್ಯಾರಿಸಿನಲ್ಲಿ ಅವರ ಆಪ್ತರಾಗಿದ್ದವರು ಇನ್ನೊಬ್ಬ ಸ್ಪೇನಿನ ವಾದಕ ದಿಯೊನಿಸಿಯೊ ಆಗ್ವಾದೊ. ಆಗ್ವಾದೊ ಉಗುರಿನಿಂದ ಮೀಟುತ್ತಿದ್ದರು, ಸೋರ್ ಬೆರಳ ತುದಿಯಿಂದ. ಈ ಭಿನ್ನಾಭಿಪ್ರಾಯ ಸ್ನೇಹಕ್ಕೆ ಅಡ್ಡಬರಲಿಲ್ಲ; ಇಬ್ಬರೂ ಸೇರಿ ನುಡಿಸಲೆಂದು ಸೋರ್ ಬರೆದ ಕೃತಿಯ ಹೆಸರೇ 'ಇಬ್ಬರು ಗೆಳೆಯರು'.

ಕೊನೆಯ ವರ್ಷಗಳಲ್ಲಿ ಅವರು ಪಾಠ ಹೇಳಿಯೇ ಬದುಕಬೇಕಾಯಿತು. ತಮ್ಮ ರಚನೆಗಳು ಕಷ್ಟವೆಂದು ದೂರುವವರಿಗಾಗಿ ಓಪಸ್ 60ರ ಇಪ್ಪತ್ತೈದು ಸರಳ ಪಾಠಗಳನ್ನು ಬರೆದರು. ಒಂಟಿ ಸ್ವರಗಳಿಂದ ಆರಂಭವಾಗಿ ನಿಧಾನವಾಗಿ ಎರಡು ಧ್ವನಿಗಳಿಗೆ ಏರುವ ಈ ಪಾಠಗಳು ಹೊಸಬರಿಗೆ ಈಗಲೂ ಉಪಯುಕ್ತ. 1837ರಲ್ಲಿ ಅವರ ಮಗಳು ತೀರಿಕೊಂಡಳು. ಮೊಂಟ್ಸೆರಾಟ್‌ನಲ್ಲಿ ಬಾಲಕನಾಗಿ ಪೂಜೆಯ ಗೀತೆಗಳನ್ನು ಹಾಡಿದ್ದ ತಂದೆ ಆಕೆಯ ನೆನಪಿಗಾಗಿ ಬಲಿಪೂಜೆಯ ಸಂಗೀತವನ್ನು ರಚಿಸಿದರು. ಎರಡು ವರ್ಷಗಳ ನಂತರ, 1839ರ ಜುಲೈ 10ರಂದು, ಕ್ಯಾನ್ಸರ್‌ನಿಂದ ನರಳುತ್ತಿದ್ದ ಸೋರ್ ಪ್ಯಾರಿಸಿನಲ್ಲಿ ನಿಧನರಾದರು. ಅವರ ಸಮಾಧಿ ಅಲ್ಲಿನ ಮೊಂಮಾರ್ತ್ರ್ ಸ್ಮಶಾನದಲ್ಲಿದೆ.