ಪ್ರಾರ್ಥನೆ, ಉಪವಾಸಗಳ ಗುರು: ಆರ್ಸ್‌ನ ಸಂತ ಜಾನ್ ಮರಿಯ ವಿಯಾನ್ನಿ

ತಪಸ್ಸುಕಾಲ ಬಂದಾಗಲೆಲ್ಲ ನಮ್ಮ ಕುಟುಂಬಗಳಲ್ಲಿ ಉಪವಾಸದ ಮಾತು ಮೂಡುವುದು ಸಹಜ. ಶುಕ್ರವಾರ ಮನೆಯಲ್ಲಿ ಮಾಂಸದಡುಗೆ ನಿಲ್ಲುತ್ತದೆ. ಸಂಜೆ ಶಿಲುಬೆಯ ಹಾದಿಗೆ ಮಕ್ಕಳನ್ನು ಕರೆದೊಯ್ಯುತ್ತೇವೆ. ಆದರೆ ಊಟ ಬಿಡುವುದಕ್ಕೂ ಪ್ರಾರ್ಥಿಸುವುದಕ್ಕೂ ಇರುವ ನಂಟೇನು, ನಾವು ಹಸಿದಿದ್ದರೆ ಯಾರಿಗೆ ಏನು ಪ್ರಯೋಜನ ಎಂದು ಆ ಮಕ್ಕಳೇ ಕೇಳಿದರೆ ನಮ್ಮಲ್ಲಿ ಅನೇಕರು ಉತ್ತರಕ್ಕೆ ತಡವರಿಸುತ್ತೇವೆ. ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟವರು ಫ್ರಾನ್ಸ್ ದೇಶದ ಆರ್ಸ್ ಎಂಬ ಕುಗ್ರಾಮದ ಧರ್ಮಗುರು ಸಂತ ಜಾನ್ ಮರಿಯ ವಿಯಾನ್ನಿಯವರು. ಅವರ ಜೀವನವನ್ನು ಈ ವಾರ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

ವಿಯಾನ್ನಿಯವರು ಜನಿಸಿದ್ದು 1786ರ ಮೇ 8ರಂದು, ಲಿಯಾನ್ ನಗರದ ಸಮೀಪದ ದಾರ್ದಿಲ್ಲಿ ಗ್ರಾಮದಲ್ಲಿ. ತಂದೆ ತಾಯಿ ದೈವಭಕ್ತರಾದ ರೈತರು. ಬಡವರು, ಅಲೆಮಾರಿಗಳು ಬಾಗಿಲಿಗೆ ಬಂದರೆ ಅವರನ್ನು ಒಳಗೆ ಕರೆದು ಉಣಬಡಿಸುವುದು ಆ ಮನೆಯ ವಾಡಿಕೆಯಾಗಿತ್ತು. ಬಾಲಕನಿಗೆ ಮೂರು ವರ್ಷ ತುಂಬಿದ ಕಾಲದಲ್ಲಿ ಫ್ರೆಂಚ್ ಮಹಾಕ್ರಾಂತಿ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ದೇವಾಲಯಗಳು ಮುಚ್ಚಿದವು. ಸರ್ಕಾರಕ್ಕೆ ಪ್ರಮಾಣ ಮಾಡಲೊಪ್ಪದ ಗುರುಗಳು ತಲೆಮರೆಸಿಕೊಂಡು ರಾತ್ರಿಯ ಹೊತ್ತು ಕೊಟ್ಟಿಗೆಗಳಲ್ಲಿ, ಮನೆಗಳಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದರು. 1799ರಲ್ಲಿ ಜಾನ್ ಮರಿಯ ಪ್ರಥಮ ಪರಮಪ್ರಸಾದ ಸ್ವೀಕರಿಸಿದ್ದು ಎಕ್ಯುಲಿಯ ಒಂದು ಮನೆಯಲ್ಲಿ. ದೀಪದ ಬೆಳಕು ಹೊರಗೆ ಕಾಣದಂತೆ ಕಿಟಕಿಗಳ ಮುಂದೆ ಹುಲ್ಲಿನ ಗಾಡಿಗಳನ್ನು ನಿಲ್ಲಿಸಲಾಗಿತ್ತು. ಪ್ರಾರ್ಥನೆಗೆ ಬೆಲೆ ತೆರಬೇಕಾಗುತ್ತದೆಂಬುದನ್ನು ಆ ಹುಡುಗ ಅಂದೇ ಅರಿತನೆನ್ನಬಹುದು.

ಗುರುವಾಗಬೇಕೆಂಬ ಹಂಬಲ ಬಲವಾಗಿದ್ದರೂ ವಿದ್ಯೆ ಸುಲಭವಾಗಿ ಒಲಿಯಲಿಲ್ಲ. ಹೊಲದ ಕೆಲಸದಲ್ಲಿ ಬೆಳೆದ ಯುವಕ ಇಪ್ಪತ್ತರ ಹೊಸ್ತಿಲಲ್ಲಿ ಎಕ್ಯುಲಿಯ ಧರ್ಮಗುರು ಬಲ್ಲೇಯವರ ಬಳಿ ಪಾಠಕ್ಕೆ ಕುಳಿತರು. ಲ್ಯಾಟಿನ್ ಭಾಷೆ ತಲೆಗೆ ಹತ್ತದಾದಾಗ, 1806ರಲ್ಲಿ ಲಾ ಲೂವೆಸ್ಕ್‌ನಲ್ಲಿರುವ ಸಂತ ಫ್ರಾನ್ಸಿಸ್ ರೆಜಿಸರ ಸಮಾಧಿಗೆ ಕಾಲ್ನಡಿಗೆಯಲ್ಲಿ, ದಾರಿಯುದ್ದಕ್ಕೂ ಭಿಕ್ಷೆ ಬೇಡುತ್ತ ಯಾತ್ರೆ ಹೋದರು. 1809ರಲ್ಲಿ ನೆಪೋಲಿಯನ್ನನ ಸೈನ್ಯಕ್ಕೆ ಕರೆ ಬಂದು, ಕಾಯಿಲೆಯಿಂದ ದಂಡಿನ ಹಿಂದೆ ಉಳಿದು, ಒಂದು ಬೆಟ್ಟದೂರಿನಲ್ಲಿ ಬೇರೆ ಹೆಸರಿನಿಂದ ಅಡಗಿರಬೇಕಾಯಿತು. ಅನಂತರ ಲಿಯಾನ್‌ನ ಗುರುಮಠ ಸೇರಿದರೂ ಪಾಠ ಅರ್ಥವಾಗದೆ ಅಲ್ಲಿಂದ ಹೊರಬಿದ್ದರು. ಬಲ್ಲೇಯವರು ಮಾತ್ರ ಅವರ ಕೈಬಿಡಲಿಲ್ಲ. ಕೊನೆಗೆ ಅವರ ಭಕ್ತಿಯನ್ನೇ ಅರ್ಹತೆಯೆಂದು ಪರಿಗಣಿಸಿ 1815ರ ಆಗಸ್ಟ್ 13ರಂದು ಗ್ರೆನೋಬಲ್‌ನಲ್ಲಿ ಗುರುದೀಕ್ಷೆ ನೀಡಲಾಯಿತು. ಮುಂದೆ ಲಕ್ಷಾಂತರ ಜನರ ಪಾಪನಿವೇದನೆ ಕೇಳಲಿದ್ದ ಈ ಗುರುವಿಗೆ ಮೊದಲ ಕೆಲವು ತಿಂಗಳು ಆ ಅಧಿಕಾರವನ್ನೇ ಕೊಟ್ಟಿರಲಿಲ್ಲವೆಂಬುದು ಸೋಜಿಗದ ಸಂಗತಿ.

ಬಲ್ಲೇಯವರು ಕಠೋರ ತಪಸ್ವಿ. ಅವರ ಸಹಾಯಕರಾದ ವಿಯಾನ್ನಿಯವರು ಗುರುವಿಗೆ ಸರಿಸಾಟಿಯಾಗಿ ಉಪವಾಸ ಮಾಡತೊಡಗಿದರು. ಶಿಷ್ಯ ಅತಿಯಾಗಿ ದೇಹದಂಡನೆ ಮಾಡುತ್ತಾನೆಂದು ಗುರುವೂ, ಗುರುಗಳು ಮಿತಿಮೀರುತ್ತಿದ್ದಾರೆಂದು ಶಿಷ್ಯನೂ ಮೇಲಧಿಕಾರಿಗಳಿಗೆ ದೂರು ಕೊಟ್ಟರೆಂಬ ಪ್ರಸಂಗವನ್ನು ಅವರ ಚರಿತ್ರೆಕಾರರು ನಗುತ್ತಲೇ ಬರೆದಿದ್ದಾರೆ.

1817ರಲ್ಲಿ ಬಲ್ಲೇಯವರು ನಿಧನರಾದರು. 1818ರ ಫೆಬ್ರವರಿಯಲ್ಲಿ ವಿಯಾನ್ನಿಯವರನ್ನು ಆರ್ಸ್‌ಗೆ ಕಳುಹಿಸಲಾಯಿತು. ಅಲ್ಲಿದ್ದವರು ಸುಮಾರು 230 ಜನ. ಅವರು ಕ್ರೂರಿಗಳೇನಲ್ಲ, ದೇವರನ್ನು ಮರೆತವರು. ಭಾನುವಾರವೂ ಹೊಲದ ಕೆಲಸ, ಸಂಜೆ ಹೆಂಡದಂಗಡಿ, ರಾತ್ರಿ ಕುಣಿತ. ಹೊಸ ಗುರುಗಳು ಮೊದಲು ಮಾಡಿದ ಕೆಲಸ ಬೋಧನೆಯಲ್ಲ, ಪ್ರಾರ್ಥನೆ. ಬೆಳಗಿನ ಜಾವಕ್ಕೆ ಬಹಳ ಮುಂಚೆಯೇ ಲಾಂದ್ರ ಹಿಡಿದು ದೇವಾಲಯಕ್ಕೆ ಹೋಗಿ, ಪರಮಪ್ರಸಾದದ ಮುಂದೆ ಮೊಣಕಾಲೂರಿ, ಈ ಜನರ ಮನಪರಿವರ್ತನೆಗಾಗಿ ಏನು ಬೇಕಾದರೂ ಅನುಭವಿಸಲು ಸಿದ್ಧನೆಂದು ದೇವರಲ್ಲಿ ಮೊರೆಯಿಡುತ್ತಿದ್ದರು.

ಆ ಮೊರೆಗೆ ಉಪವಾಸವನ್ನೂ ಜೊತೆಗೂಡಿಸಿದರು. ತಮ್ಮ ಹಾಸಿಗೆಯನ್ನು ಬಡವರಿಗೆ ಕೊಟ್ಟು ನೆಲದ ಮೇಲೆ ಮಲಗಿದರು. ಹಲವು ದಿನಗಳಿಗಾಗುವಷ್ಟು ಆಲೂಗಡ್ಡೆಯನ್ನು ಒಮ್ಮೆಗೇ ಬೇಯಿಸಿಟ್ಟು, ಹಸಿವಾದಾಗ ತಣ್ಣಗಿನ ಒಂದೆರಡನ್ನು ತಿನ್ನುತ್ತಿದ್ದರು. ಕೊನೆಯವು ಬೂಸಲು ಹಿಡಿದಿರುತ್ತಿದ್ದವು. ನೆರೆಯವರು ತಂದಿಟ್ಟ ಅಡುಗೆ ಬಡವರ ಪಾಲಾಗುತ್ತಿತ್ತು. ತಮ್ಮ ಹೊಸ ರೊಟ್ಟಿಯನ್ನು ಭಿಕ್ಷುಕರಿಗೆ ಕೊಟ್ಟು, ಅವರ ಜೋಳಿಗೆಯ ಒಣ ತುಣುಕುಗಳನ್ನು ಕೊಂಡುಕೊಳ್ಳುವುದೂ ಉಂಟು. ಅವರು ಬಿಟ್ಟ ತುತ್ತು ಹೀಗೆ ಯಾರದೋ ಹೊಟ್ಟೆ ಸೇರುತ್ತಿತ್ತೆಂಬುದನ್ನು ನಾವು ಗಮನಿಸಬೇಕು.

ಫಲ ಕೂಡಲೇ ಕಾಣಲಿಲ್ಲ. ಕೆಲವರು ಅವರ ಶೀಲದ ಮೇಲೆಯೇ ಸುಳ್ಳು ಅಪವಾದ ಹೊರಿಸಿದರು. ಆದರೂ ಕ್ರಮೇಣ ಹೆಂಡದಂಗಡಿಗಳು ಮುಚ್ಚಿದವು, ಭಾನುವಾರ ದೇವಾಲಯ ತುಂಬಿತು. ಆ ಊರಿನ ಒಬ್ಬ ರೈತ ಹೊಲಕ್ಕೆ ಹೋಗುವಾಗ ಸಲಕರಣೆಗಳನ್ನು ಬಾಗಿಲಲ್ಲಿಟ್ಟು, ಒಳಗೆ ಬಂದು, ತುಟಿ ಅಲುಗಿಸದೆ ಪರಮಪ್ರಸಾದದತ್ತ ನೋಡುತ್ತ ಕೂರುತ್ತಿದ್ದ. ತಾನು ಪ್ರಭುವನ್ನು ನೋಡುತ್ತಿರುವಂತೆಯೇ ಪ್ರಭುವೂ ತನ್ನನ್ನು ನೋಡುತ್ತಿದ್ದಾರೆಂಬುದೇ ಅವನ ಪ್ರಾರ್ಥನೆ. ಈ ರೈತನ ವಿಷಯವನ್ನು ಗುರುಗಳು ಕಣ್ತುಂಬಿ ಹೇಳುತ್ತಿದ್ದರಂತೆ.

1824ರಲ್ಲಿ ಅವರು ಬಡ ಹೆಣ್ಣುಮಕ್ಕಳಿಗಾಗಿ ಉಚಿತ ಶಾಲೆಯನ್ನು ತೆರೆದರು. ದೈವಪಾಲನೆ ಎಂಬ ಅರ್ಥದ ಹೆಸರು ಹೊತ್ತ ಈ ಸಂಸ್ಥೆ ಬೇಗನೆ ಅನಾಥ ಮಕ್ಕಳ ಆಶ್ರಯವೂ ಆಯಿತು. ಒಮ್ಮೆ ಕಣಜದಲ್ಲಿ ಗೋಧಿ ಮುಗಿಯುತ್ತ ಬಂದಾಗ ಮಕ್ಕಳೊಡನೆ ಪ್ರಾರ್ಥಿಸಲಾಗಿ, ಕಣಜ ತುಂಬಿರುವುದನ್ನು ಕಂಡೆವೆಂದು ಅಲ್ಲಿನವರು ಸಾಕ್ಷಿ ನುಡಿದಿದ್ದಾರೆ. ತಾವು ಹಸಿದಿದ್ದರೂ ಆ ಮಕ್ಕಳು ಹಸಿದಿರುವುದನ್ನು ಅವರು ಸಹಿಸುತ್ತಿರಲಿಲ್ಲ.

ದೂರದೂರುಗಳಿಂದ ಜನ ಹರಿದುಬರತೊಡಗಿದರು. 1850ರ ದಶಕದಲ್ಲಿ ವರ್ಷಕ್ಕೆ ಹತ್ತಾರು ಸಾವಿರ ಯಾತ್ರಿಕರು ಆ ಸಣ್ಣ ಹಳ್ಳಿಗೆ ಬರುತ್ತಿದ್ದರು. ಚಳಿಗಾಲದಲ್ಲಿ ದಿನಕ್ಕೆ 11-12 ಗಂಟೆ, ಬೇಸಿಗೆಯಲ್ಲಿ 16 ಗಂಟೆಯವರೆಗೆ ಗುರುಗಳು ಪಾಪನಿವೇದನೆಯ ಪೀಠದಲ್ಲಿ ಕುಳಿತಿರುತ್ತಿದ್ದರು. ಇಲ್ಲಿಯೇ ಅವರ ಉಪವಾಸದ ಮರ್ಮ ತಿಳಿಯುತ್ತದೆ. ತಮ್ಮ ಬಗೆಗೆ ಅಷ್ಟು ನಿಷ್ಠುರರಾಗಿದ್ದವರು ಪಶ್ಚಾತ್ತಾಪಪಟ್ಟು ಬಂದವರಿಗೆ ವಿಧಿಸುತ್ತಿದ್ದುದು ಅತಿ ಹಗುರವಾದ ಪ್ರಾಯಶ್ಚಿತ್ತ. ಉಳಿದುದನ್ನು ಅವರ ಪರವಾಗಿ ತಾವೇ ಮಾಡುತ್ತಿದ್ದರು. ಹಸಿವನ್ನು ತಮಗಿಟ್ಟುಕೊಂಡು ಕರುಣೆಯನ್ನು ಇತರರಿಗೆ ಹಂಚಿದರು.

ಈ ಮಾರ್ಗದಲ್ಲಿ ಅವರು ಎಡವಲಿಲ್ಲವೆಂದಲ್ಲ. ಅತಿಯಾದ ನಿರಾಹಾರದಿಂದ ಅವರ ಆರೋಗ್ಯ ಕೆಟ್ಟಿತು. ಮೊದಲ ವರ್ಷಗಳ ಆ ಕಟ್ಟುನಿಟ್ಟನ್ನು ಯೌವನದ ಹುಚ್ಚುತನವೆಂದು ಮುಂದೆ ತಾವೇ ಹಳಿದುಕೊಂಡರು. 1843ರಲ್ಲಿ ಸಾವಿನಂಚಿಗೆ ಹೋಗಿ ಬದುಕಿದ ಮೇಲೆ ವೈದ್ಯರ ಮಾತಿಗೆ ಮಣಿದು ಊಟವನ್ನು ತುಸು ಹೆಚ್ಚಿಸಿದರು. ಅದೇ ವರ್ಷ ಮತ್ತು 1853ರಲ್ಲಿ, ಏಕಾಂತದಲ್ಲಿ ಪ್ರಾರ್ಥಿಸುವ ಆಸೆಯಿಂದ ಊರು ಬಿಟ್ಟು ಹೊರಟದ್ದೂ ಉಂಟು. ಎರಡು ಸಲವೂ ತಮ್ಮ ಜನರ ಬಳಿಗೇ ಮರಳಿದರು. ತನ್ನ ಇಷ್ಟವನ್ನು ಬಿಟ್ಟುಕೊಡುವುದು ಊಟ ಬಿಡುವುದಕ್ಕಿಂತ ಕಠಿಣವಾದ ಉಪವಾಸವೆಂಬುದು ಅವರಿಗೆ ಹೀಗೆ ಮನದಟ್ಟಾಗಿರಬೇಕು.

1859ರ ಆಗಸ್ಟ್ 4ರಂದು, 73ನೆಯ ವಯಸ್ಸಿನಲ್ಲಿ, ಅವರು ಆರ್ಸ್‌ನಲ್ಲಿಯೇ ಶಾಂತವಾಗಿ ದೈವಾಧೀನರಾದರು. 1925ರ ಮೇ 31ರಂದು ಹನ್ನೊಂದನೆಯ ಪಿಯುಸ್ ಪೋಪರು ಅವರನ್ನು ಸಂತರೆಂದು ಘೋಷಿಸಿ, 1929ರಲ್ಲಿ ಧರ್ಮಕೇಂದ್ರಗಳ ಗುರುಗಳ ಪಾಲಕ ಸಂತರನ್ನಾಗಿ ಮಾಡಿದರು.

ಆರ್ಸ್‌ನ ಗುರುವಿನಂತೆ ಬೂಸಲು ಹಿಡಿದ ಆಲೂಗಡ್ಡೆ ತಿನ್ನಬೇಕೆಂದು ಧರ್ಮಸಭೆ ನಮ್ಮಿಂದ ಬಯಸುವುದಿಲ್ಲ. ವಿಭೂತಿ ಬುಧವಾರ, ಶುಭ ಶುಕ್ರವಾರಗಳೆರಡೇ ಕಡ್ಡಾಯ ಉಪವಾಸದ ದಿನಗಳು. 18 ತುಂಬಿದವರಿಂದ ಹಿಡಿದು 59 ತುಂಬುವವರೆಗಿನವರು ಅಂದು ಒಂದೇ ಹೊತ್ತು ಪೂರ್ಣ ಊಟ ಮಾಡಬೇಕು. ಮಾಂಸವರ್ಜನೆ 14 ತುಂಬಿದವರಿಗೆಲ್ಲ ಅನ್ವಯಿಸುತ್ತದೆ. ರೋಗಿಗಳಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ವಿನಾಯಿತಿಯುಂಟು. ನಿಯಮ ಹಗುರವಾದಷ್ಟೂ ಮನಸ್ಸು ಮಾಡಬೇಕಾದ ಹೊಣೆ ನಮ್ಮದಾಗುತ್ತದೆ. ಉಪವಾಸ ಮಾಡುವಾಗ ಮುಖ ಬಾಡಿಸಿಕೊಳ್ಳದೆ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿರೆಂದು ಯೇಸುಸ್ವಾಮಿ ಬೋಧಿಸಿದ್ದಾರೆ.

ಆದುದರಿಂದ ನಮ್ಮ ಮನೆಗಳಲ್ಲಿ ಉಪವಾಸಕ್ಕೆ ಒಬ್ಬರ ಹೆಸರಿರಲಿ. ದಾರಿ ತಪ್ಪಿದ ಮಗನಿಗಾಗಿ, ಮಾತು ಬಿಟ್ಟ ಅಣ್ಣನಿಗಾಗಿ, ಹಾಸಿಗೆ ಹಿಡಿದ ನೆರೆಯವರಿಗಾಗಿ ಒಂದು ಹೊತ್ತಿನ ಊಟ ಬಿಟ್ಟು, ಆ ಹೊತ್ತನ್ನು ಜಪಸರಕ್ಕೂ, ಉಳಿದ ಹಣವನ್ನು ಹಸಿದವರಿಗೂ ಕೊಡೋಣ. ಹಸಿದಿದ್ದರೆ ಯಾರಿಗೆ ಏನು ಪ್ರಯೋಜನವೆಂದು ಮಕ್ಕಳು ಕೇಳಿದಾಗ, ಆ ಹೆಸರನ್ನೇ ಅವರಿಗೆ ಹೇಳಬಹುದು.