ಹಾಸ್ಟೆಲ್ ಕೋಣೆಯ ಕುಲಪತಿ

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರೊಬ್ಬರು ಕೊನೆಯವರೆಗೂ ಹಾಸ್ಟೆಲ್ಲಿನ ಒಂದು ಕೋಣೆಯಲ್ಲೇ ಬದುಕಿದರು ಅಂದ್ರೆ ನಂಬ್ತೀರಾ? ಅವರೇನೂ ದೂರದವರಲ್ಲ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಹೆಸರು ಡಾ. ಎಚ್. ನರಸಿಂಹಯ್ಯ. ಎಲ್ಲರ ಬಾಯಲ್ಲಿ ಎಚ್ಚೆನ್. ಅವರು ತೀರಿಕೊಂಡದ್ದು 2005ರ ಜನವರಿ 31ರಂದು. ಈ ಪತ್ರಿಕೆ ಓದುವ ನಮ್ಮಲ್ಲಿ ಎಷ್ಟೋ ಜನ ಆಗಿನ್ನೂ ಹುಟ್ಟಿರಲಿಲ್ಲ. ಚಿಕ್ಕಬಳ್ಳಾಪುರ ಕೂಡ ಬೇರೆ ಜಿಲ್ಲೆಯಾಗಿರಲಿಲ್ಲ, ಕೋಲಾರಕ್ಕೇ ಸೇರಿತ್ತು.

ಇದ್ದದ್ದನ್ನು ಬಿಟ್ಟವರು ಅಂದಕೂಡಲೇ ನಮ್ಮ ಕಡೆ ಮೊದಲು ನೆನಪಾಗೋದು ಕೈವಾರ ತಾತಯ್ಯ. ಮುರುಗಮಲ್ಲದವರಿಗೆ ಕೈವಾರ ಒಂದೇ ತಾಲ್ಲೂಕಿನ ಊರು. ಬಳೆ ಮಾರುತ್ತಿದ್ದ ನಾರಾಯಣಪ್ಪನವರು ವ್ಯಾಪಾರ, ಸಂಸಾರ ಬಿಟ್ಟು ಯೋಗಿಯಾದ ಕಥೆಯನ್ನು ಅಜ್ಜಿಯರ ಬಾಯಲ್ಲಿ ಕೇಳಿ ಬೆಳೆದವರು ನಾವು. ಹಾಗಾಗಿ ಕಡಿಮೆಯಲ್ಲಿ ಬದುಕೋದು ಅಂದ್ರೆ ಸನ್ಯಾಸ, ಅದು ನಮ್ಮಂಥವರಿಗಲ್ಲ ಅಂತ ಸುಲಭವಾಗಿ ಅಂದುಕೊಂಡುಬಿಡ್ತೀವಿ. ಎಚ್ಚೆನ್ ಬದುಕು ಈ ಲೆಕ್ಕಕ್ಕೆ ಸಿಗೋದಿಲ್ಲ. ಅವರು ಕಾವಿ ಉಟ್ಟವರಲ್ಲ, ಕಾಡಿಗೆ ಹೋದವರಲ್ಲ. ಭೌತಶಾಸ್ತ್ರದ ಮೇಷ್ಟ್ರು. ದಿನಾ ಕಾಲೇಜಿಗೆ ಹೋಗಿ, ಫೈಲಿಗೆ ಸಹಿ ಹಾಕಿ, ಹುಡುಗರ ಜೊತೆ ಮಾತಾಡಿಕೊಂಡೇ ಕಡಿಮೆಯಲ್ಲಿ ಬದುಕಿದವರು.

ಎಚ್ಚೆನ್ ಹುಟ್ಟಿದ್ದು 1920ರ ಜೂನ್ 6ರಂದು, ಬಡ ಕುಟುಂಬದಲ್ಲಿ. ಊರಲ್ಲಿ ಸಿಗುವಷ್ಟು ಓದು ಮುಗಿದ ಮೇಲೆ ಮುಂದೇನು ಅನ್ನೋ ಪ್ರಶ್ನೆ ಬಂತು. ಮೇಷ್ಟರೊಬ್ಬರ ಒತ್ತಾಸೆಯಿಂದ 1935ರಲ್ಲಿ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲು ಸೇರಲು ಹೊರಟರು. ಬಸ್ಸಿಗೆ ಕಾಸಿಲ್ಲ. ಸುಮಾರು 85 ಕಿಲೋಮೀಟರ್ ದಾರಿಯನ್ನು ನಡೆದೇ ಹೋದರು. ಬೆಂಗಳೂರಿನಲ್ಲಿ ಆಸರೆ ಕೊಟ್ಟದ್ದು ಬಡ ವಿದ್ಯಾರ್ಥಿಗಳ ನಿಲಯ.

ಮರುವರ್ಷ, 1936ರಲ್ಲಿ, ಗಾಂಧೀಜಿ ಆ ಶಾಲೆಗೆ ಬಂದರು. ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳುವ ಕೆಲಸ ಹೊಸೂರಿನ ಈ ಹುಡುಗನ ಪಾಲಿಗೆ ಬಂತು. ಅಲ್ಲಿಂದ ಹಿಡಿದ ಗಾಂಧಿಯನ್ನು ಎಚ್ಚೆನ್ ಕೊನೆತನಕ ಬಿಡಲಿಲ್ಲ. ಖಾದಿ ಜುಬ್ಬ, ಬಿಳಿ ಗಾಂಧಿ ಟೋಪಿ ಅವರ ಗುರುತೇ ಆಗಿಹೋಯಿತು. 1942ರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಜೈಲಿಗೂ ಹೋದರು. ಓದು ಅರ್ಧಕ್ಕೆ ನಿಂತಿತು. ಆಮೇಲೆ ಮತ್ತೆ ಹಿಡಿದು, 1946ರ ಹೊತ್ತಿಗೆ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಅಧ್ಯಾಪಕರಾಗಿ ಸೇರಿದರು.

ಇಲ್ಲಿಯವರೆಗಿನದು ಒಬ್ಬ ಬಡ ಹುಡುಗ ಮೇಲೆ ಬಂದ ಕಥೆ. ಇಂಥ ಕಥೆಗಳು ನಮ್ಮ ಊರೂರಲ್ಲೂ ಇವೆ. ನಿಜವಾದ ಪರೀಕ್ಷೆ ಶುರುವಾಗೋದು ಕೈಗೆ ಸಂಬಳ ಬಂದ ಮೇಲೆ. ಇಲ್ಲದವನು ಕಡಿಮೆಯಲ್ಲಿ ಬದುಕಿದರೆ ಅದು ಬಡತನ, ಅದನ್ನು ಹೊಗಳಬೇಕಾಗಿಲ್ಲ. ಸಿಗುತ್ತಿದ್ದರೂ ಸಾಕು ಅನ್ನೋನಿಗೆ ಮಾತ್ರ ಅದನ್ನು ಸರಳತೆ ಅನ್ನಬಹುದು. ಎಚ್ಚೆನ್‌ಗೆ ಸಿಗುವ ಅವಕಾಶ ಬೇಕಾದಷ್ಟಿತ್ತು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಸಂಶೋಧನೆ ಮಾಡಿ 1960ರಲ್ಲಿ ಪಿಎಚ್.ಡಿ. ಪಡೆದರು. ಅಣುಶಕ್ತಿಯ ಬಗ್ಗೆ ಜಗತ್ತೇ ಕಿವಿ ನೆಟ್ಟಗೆ ಮಾಡಿಕೊಂಡಿದ್ದ ಕಾಲ ಅದು. ಅವರು ವಾಪಸ್ ಬಂದರು, ಅದೇ ಕಾಲೇಜಿಗೆ, ಅದೇ ಹಾಸ್ಟೆಲ್ಲಿಗೆ.

ಮುಂದೆ ಅಲ್ಲೇ ಪ್ರಿನ್ಸಿಪಾಲರಾದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಆಮೇಲೆ ನ್ಯಾಷನಲ್ ಎಜುಕೇಷನ್ ಸೊಸೈಟಿಯ ಅಧ್ಯಕ್ಷರು. 1984ರಲ್ಲಿ ಪದ್ಮಭೂಷಣ. ಹುದ್ದೆಗಳು ಬದಲಾದವು, ವಾಸ ಮಾತ್ರ ಹಾಸ್ಟೆಲ್ ಕೋಣೆಯಲ್ಲೇ. ಮದುವೆ ಆಗಲಿಲ್ಲ, ಸ್ವಂತ ಮನೆ ಕಟ್ಟಿಸಲಿಲ್ಲ. ಹೆಂಡತಿ ಮಕ್ಕಳು ಇಲ್ಲದವರಿಗೆ ಇದು ಸುಲಭ ಬಿಡಿ ಅಂತ ನೀವು ಅನ್ನಬಹುದು. ಅದರಲ್ಲಿ ಸ್ವಲ್ಪ ನಿಜ ಇದೆ. ಆದರೆ ಒಂಟಿಯಾಗಿದ್ದು ಬೇಕಾದಷ್ಟು ಕೂಡಿಟ್ಟವರೂ ನಮ್ಮ ಸುತ್ತ ಇದ್ದಾರಲ್ಲ?

ಈಗ ಮಿನಿಮಲಿಸಂ ಅನ್ನೋದು ದೊಡ್ಡ ಫ್ಯಾಷನ್. ಜಪಾನಿನ ಮರೀ ಕೊಂಡೋ ಪುಸ್ತಕ ಓದಿ ಜಗತ್ತಿನ ತುಂಬಾ ಜನ ಬೀರು ಖಾಲಿ ಮಾಡಿದರು. ಮನಸ್ಸಿಗೆ ಖುಷಿ ಕೊಡೋ ವಸ್ತು ಮಾತ್ರ ಇಟ್ಟುಕೊಳ್ಳಿ ಅನ್ನೋದು ಆಕೆಯ ಸಲಹೆ. ಒಳ್ಳೇದೇ. ಆದರೆ ಖಾಲಿ ಮಾಡಿದ ಜಾಗದಲ್ಲಿ ಏನು ಮಾಡೋದು? ಎಚ್ಚೆನ್ ಬದುಕಿನಲ್ಲಿ ಈ ಪ್ರಶ್ನೆಗೆ ಉತ್ತರ ಇದೆ.

ಮೊದಲನೇದು, ಅವರ ಹೊತ್ತು ಉಳಿಯಿತು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರುವಾಯಿತು. ವಾರವಾರ ಸಾಮಾನ್ಯ ಜನರಿಗೆ ವಿಜ್ಞಾನದ ಉಪನ್ಯಾಸ, ಜುಲೈ ತಿಂಗಳಲ್ಲಿ ವಿಜ್ಞಾನದ ಹಬ್ಬ. ದೊಡ್ಡ ದೊಡ್ಡ ವಿಜ್ಞಾನಿಗಳು ಬಂದು ಮಾತಾಡಿದ ವೇದಿಕೆ ಅದು. ಟಿಕೆಟ್ಟಿಲ್ಲ, ಯಾರು ಬೇಕಾದರೂ ಹೋಗಿ ಕೂತು ಕೇಳಬಹುದು. ವಿಜ್ಞಾನದ ಜೊತೆಗೆ ಸಂಗೀತ, ನಾಟಕಕ್ಕೂ ಅವರು ಅಷ್ಟೇ ಓಡಾಡಿದರು.

ಎರಡನೇದು ನನಗೆ ಇನ್ನೂ ದೊಡ್ಡದು ಅನ್ನಿಸುತ್ತೆ. ಅವರಿಗೆ ಕಳೆದುಕೊಳ್ಳೋಕೆ ಏನೂ ಇರಲಿಲ್ಲ. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಅಂತ ಹುಡುಗರಿಗೆ ಹೇಳ್ತಾ ಬಂದವರು, ಕುಲಪತಿಯಾಗಿದ್ದಾಗಲೇ ಆ ಮಾತನ್ನು ನಡೆದು ತೋರಿಸಿದರು. 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ವಿಶ್ವವಿದ್ಯಾಲಯದ ಕಡೆಯಿಂದ ಸಮಿತಿ ಮಾಡಿದರು, ಅದರ ಅಧ್ಯಕ್ಷರೂ ಅವರೇ. ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ, ನಿಮ್ಮ ಪವಾಡಗಳನ್ನು ಪರೀಕ್ಷಿಸಲು ಅವಕಾಶ ಕೊಡಿ ಅಂತ ಪತ್ರಗಳನ್ನು ಬರೆದರು. ಉತ್ತರ ಬರಲಿಲ್ಲ. ದೇಶದಾದ್ಯಂತ ಭಾರೀ ಚರ್ಚೆ ಎದ್ದಿತು. ಬಾಬಾ ಭಕ್ತರಲ್ಲಿ ಅಧಿಕಾರದಲ್ಲಿದ್ದವರೂ ಬಹಳ ಜನ. ಸರ್ಕಾರಿ ಹುದ್ದೆಯಲ್ಲಿ ಕೂತು ಅಂಥವರ ಎದುರು ನಿಲ್ಲೋದು ತಮಾಷೆಯಲ್ಲ. ಅವರ ಪ್ರಶ್ನೆಯನ್ನು ಒಪ್ಪೋದು ಬಿಡೋದು ಅವರವರ ನಂಬಿಕೆಗೆ ಬಿಟ್ಟದ್ದು. ಆದರೆ ಕುರ್ಚಿ ಹೋದರೆ ವಾಪಸ್ ಹೋಗೋದು ಅದೇ ಹಾಸ್ಟೆಲ್ ಕೋಣೆಗೆ ಅಂತ ಗೊತ್ತಿದ್ದವನನ್ನು ಯಾರು ತಾನೇ ಹೆದರಿಸೋಕಾಗುತ್ತೆ?

ಗೆಳೆಯರೇ, ಈ ಮಾತು ನಮಗೆ ಬಹಳ ಹತ್ತಿರದ್ದು. ಕ್ಯಾಂಪಸ್ ಪ್ಲೇಸ್‌ಮೆಂಟ್ ಮುಗಿದು ಮೊದಲ ಸಂಬಳ ಬರೋ ಮುಂಚೆಯೇ ಬೈಕಿನ ಇಎಂಐ, ಹೊಸ ಫೋನಿನ ಇಎಂಐ ಲೆಕ್ಕ ಹಾಕಿರ್ತೀವಿ. ಮನೆಗೆ ಹಣ ಕಳಿಸೋದು, ಓದಿನ ಸಾಲ ತೀರಿಸೋದು ತಪ್ಪಿಸೋಕಾಗಲ್ಲ, ಅದು ನಮ್ಮ ಹೊಣೆ. ಅದರ ಮೇಲೆ ನಾವೇ ಏರಿಸಿಕೊಳ್ಳೋ ಭಾರದ ಮಾತು ಬೇರೆ. ನಾಳೆ ಯಾವುದೋ ಸೇತುವೆಯ ವಿನ್ಯಾಸ ಸರಿಯಿಲ್ಲ, ಯಾವುದೋ ಟೆಸ್ಟ್ ರಿಪೋರ್ಟು ಸುಳ್ಳು ಅಂತ ಕಂಡಾಗ, ಸಹಿ ಹಾಕಲ್ಲ ಸಾರ್ ಅನ್ನೋ ಧೈರ್ಯ ಎಲ್ಲಿಂದ ಬರಬೇಕು? ತಿಂಗಳ ಐದನೇ ತಾರೀಕು ಕಟ್ಟಬೇಕಾದ ಕಂತುಗಳು ಕಡಿಮೆ ಇದ್ದಷ್ಟೂ ಆ ಮಾತು ಸಲೀಸಾಗಿ ಬಾಯಿಂದ ಬರುತ್ತೆ.

ಎಚ್ಚೆನ್ ತಮ್ಮ ಹೆಸರಿಗೆ ಕೂಡಿಸಲಿಲ್ಲ ನಿಜ, ಕಟ್ಟಲೇ ಇಲ್ಲ ಅಂತಲ್ಲ. ಬೆಂಗಳೂರಿಗೇ ನಿಲ್ಲದೆ ಸೊಸೈಟಿಯ ಕಾಲೇಜುಗಳು ಗೌರಿಬಿದನೂರಿಗೆ, ಬಾಗೇಪಲ್ಲಿಗೆ ಬಂದವು. ಬಯಲುಸೀಮೆಯ ಈ ಊರುಗಳಿಗೆ ಆಗ ಕಾಲೇಜು ಅನ್ನೋದು ದೊಡ್ಡ ಮಾತು. ಹೊಸೂರಿನ ಸುತ್ತಮುತ್ತಲ ಹುಡುಗ ಹುಡುಗಿಯರು ಇವತ್ತು ಬೆಳಗ್ಗೆ ಊಟದ ಡಬ್ಬಿ ಹಿಡಿದು ಬಸ್ಸು ಹತ್ತಿ ಕಾಲೇಜಿಗೆ ಹೋಗಿ ಸಂಜೆಗೆ ಮನೆಗೆ ಬರ್ತಾರೆ. ಓದೋದಕ್ಕೆ ಅಂತ ಯಾರೂ 85 ಕಿಲೋಮೀಟರ್ ನಡೆಯಬೇಕಾಗಿಲ್ಲ.