ಸವಾರಿಯ ನಡುವಣ ವಿರಾಮ

ಗೌರಿಬಿದನೂರಿನಿಂದ ಸೈಕಲ್ಲೇರಿ ಹೊರಟ ನಾನೂ ನನ್ನಾಕೆಯೂ ಚಿಕ್ಕಬಳ್ಳಾಪುರದಲ್ಲಿ ಒಂದು ದಿನ ತಂಗಿದೆವು. ಶಿಡ್ಲಘಟ್ಟ, ಚಿಂತಾಮಣಿಗಳಿನ್ನೂ ಮುಂದಿದ್ದವು. ನಂದಿಯ ಭೋಗನಂದೀಶ್ವರನ ಪ್ರಾಕಾರದಲ್ಲಿ ಕಾಲು ಚಾಚಿ ಕುಳಿತಾಗ ನನಗೆ ನೆನಪಾದವಳು ಫ್ಯಾನಿ ಬುಲಕ್ ವರ್ಕ್‌ಮನ್.

1859ರಲ್ಲಿ ಅಮೆರಿಕದ ಸಿರಿವಂತ ಮನೆಯಲ್ಲಿ ಹುಟ್ಟಿದ ಈಕೆ ವೈದ್ಯ ವಿಲಿಯಂ ಹಂಟರನ ಕೈಹಿಡಿದಳು. ಅನಾರೋಗ್ಯದಿಂದ ಅವನು ವೃತ್ತಿ ಬಿಟ್ಟ ಮೇಲೆ ದಂಪತಿಗಳು ಸೈಕಲ್ಲನ್ನೇ ನೆಚ್ಚಿದರು. 1897ರಲ್ಲಿ ತೊಡಗಿದ ಅವರ ಸವಾರಿ ಸಿಂಹಳ, ಭಾರತ, ಬರ್ಮಾ, ಜಾವಾಗಳಲ್ಲಿ 14,000 ಮೈಲಿ ಸಾಗಿತು. ಕೆಲವು ದಿನ 40 ಪಂಕ್ಚರುಗಳವರೆಗೂ ಹಾಕಬೇಕಾಯಿತಂತೆ! ಚಕ್ರ ನಿಂತೆಡೆಯಲ್ಲಿಯೂ ಬಿಡುವಿಲ್ಲ; ದೇಗುಲಗಳ ಅಧ್ಯಯನ, ಛಾಯಾಚಿತ್ರಗಳ ಕೆಲಸ. 1898ರ ಬೇಸಗೆಗೆ ಬೆದರಿ ಹಿಮಾಲಯಕ್ಕೆ ಸರಿದವರಿಗೆ ಆ ವಿರಾಮವೇ ಮುಂದಿನ ಬಾಳಾಯಿತು. 1906ರಲ್ಲಿ ಪಿನಾಕಲ್ ಶಿಖರ; 1912ರಲ್ಲಿ ಸಿಯಾಚಿನ್. ಅಲ್ಲಿನ ಹಿಮದ ಮೇಲೆ, ಸ್ತ್ರೀಯರಿಗೆ ಮತಾಧಿಕಾರ ಬೇಡುವ ಪತ್ರಿಕೆಯನ್ನು ಹಿಡಿದು ಆಕೆ ಚಿತ್ರ ತೆಗೆಸಿಕೊಂಡಳು. ಪರ್ವತಯಾತ್ರೆಗಳಲ್ಲಿ ನಾಯಕತ್ವವನ್ನು ಗಂಡಹೆಂಡಿರು ಸರದಿಯಂತೆ ವಹಿಸಿಕೊಂಡರೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಹೊರೆಯಾಳುಗಳ ಕಷ್ಟ ಮಾತ್ರ ಇಬ್ಬರಿಗೂ ತಿಳಿಯಲಿಲ್ಲ. 1925ರಲ್ಲಿ ಫ್ರಾನ್ಸಿನ ಕಾನ್ ನಗರದಲ್ಲಿ ಆಕೆ ತೀರಿಕೊಂಡಳು.

ಇದನ್ನೆಲ್ಲ ನನ್ನಾಕೆಗೆ ಹೇಳಿದೆ. ಮಗ ಬಾಲ್ಯದಲ್ಲೇ ಸತ್ತದ್ದನ್ನೂ, ಮಗಳು ರೇಚಲ್ ತಾಯಿತಂದೆಯರಿಂದ ದೂರದ ವಸತಿಶಾಲೆಗಳಲ್ಲಿ ಬೆಳೆದದ್ದನ್ನೂ ಹೇಳಿದಾಗ ಅವಳು ಮಾತಿಲ್ಲದೆ ಎದ್ದಳು. ಸ್ವಲ್ಪ ದೂರ ಹೋಗಿ, ಮನೆಯಲ್ಲಿದ್ದ ಮಗಳಿಗೆ ಫೋನು ಮಾಡಿದಳು.